ನಡುಮನೆಯ ನೆಲದ ಮೇಲಿನ ದೋಣಿ

ನಮ್ಮ ನಡುಮನೆಯ ನೆಲದ ಮೇಲೆ ಒಂದು ದೋಣಿ ಇತ್ತು. ಅಪ್ಪ ಡಾಂಬರಿನಲ್ಲಿ ಎಳೆದ ಅದರ ಗೆರೆ ಬೀದಿ ಬಾಗಿಲ ಹತ್ತಿರ ಅಗಲವಾಗಿ ಶುರುವಾಗಿ, ದೇವರ ಕೋಣೆಯ ಹೊಸ್ತಿಲ ಮುಂದೆ ಚೂಪಾಗಿ ಮುಗಿಯುತ್ತಿತ್ತು. ನಮ್ಮದು ಗಾರೆಯ ನೆಲ. ಅದು ಡಾಂಬರನ್ನು ಕುಡಿದುಬಿಟ್ಟಿತ್ತು. ಮುಂದೆ ಅಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು, ಅಜ್ಜಿ ಬೂದಿ ಹಾಕಿ ತಿಕ್ಕಿದಳು. ಒಂದು ದಿನ ಅಪ್ಪನೇ ಉಳಿ ಸುತ್ತಿಗೆ ಹಿಡಿದು ಕೂತು ಒಂದು ಗೇಣಿನಷ್ಟು ಕೆತ್ತಿ, ಕೈ ನಿಲ್ಲಿಸಿ, ಎದ್ದು ಹೊರಗೆ ಹೋದರು. ಆ ಮನೆಯಲ್ಲಿ ನಾವಿದ್ದಷ್ಟು ವರ್ಷವೂ ಗೆರೆ ಹಾಗೇ ಇತ್ತು. ಊಟಕ್ಕೆ ಎಲೆ ಹಾಕುವುದು ಅದರ ಮೇಲೆಯೇ, ಹಾಸಿಗೆ ಬಿಡಿಸುವುದು ಅದರ ಮೇಲೆಯೇ. ನೆಂಟರು ಬಂದರೆ ಅದೇನೆಂದು ಕೇಳುತ್ತಿದ್ದರು. ಅಮ್ಮ ಒಳಗಿನಿಂದ ಚಾಪೆ ತಂದು ಹಾಸುತ್ತಿದ್ದಳು. ಗೆರೆಯ ಒಳಗೆ, ನಟ್ಟನಡುವೆ, ಒಂದು ಮಣೆ ಹಿಡಿಸುವಷ್ಟು ಜಾಗದಲ್ಲಿ ಮಾತ್ರ ನಾವು ಯಾರೂ ಕೂರುತ್ತಿರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲಿಲ್ಲ.

ಆಗ ನನಗೆ ಒಂಬತ್ತೋ ಹತ್ತೋ ವರ್ಷ. ನಾನು ಕಣ್ಣಾರೆ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕೇಳಿ ತಿಳಿದದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ. ಇಷ್ಟು ಕಾಲ ಬರೆಯದೆ ಇದ್ದದ್ದಕ್ಕೆ ಕಾರಣ ಮರೆವಲ್ಲ.

ಭದ್ರಾವತಿಯಲ್ಲಿ ಈಗ ಓಲ್ಡ್ ಟೌನ್ ಎನ್ನುವ ಕಡೆ, ಹೊಳೆಗೆ ಇಳಿಯುವ ಓಣಿಯಲ್ಲಿ ನಮ್ಮ ಬಾಡಿಗೆ ಮನೆ ಇತ್ತು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ವಿಭಾಗದ ಮೇಲ್ವಿಚಾರಕರು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವ ಸಂಜೆ ಆಕಾಶ ಕೆಂಪಾಗುತ್ತಿತ್ತು. ನಾವು ಮಕ್ಕಳು ಜಗಲಿಯ ಮೇಲೆ ನಿಂತು ಅಪ್ಪ ಬರುವ ಹೊತ್ತಾಯಿತೆಂದು ಅದನ್ನು ನೋಡಿ ತಿಳಿಯುತ್ತಿದ್ದೆವು. ಊರೆಲ್ಲ ಇದ್ದಿಲಿನ ಮೇಲೆ ಅಡಿಗೆ ಮಾಡುತ್ತಿತ್ತು. ಅಪ್ಪನ ಬೆರಳುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಅಗ್ಗಿಷ್ಟಿಕೆಯಿಂದ ಹೊರಗೆ ಉರುಳಿದ ಕೆಂಡವನ್ನು ಕೈಯಲ್ಲೇ ಎತ್ತಿ ಒಳಗೆ ಹಾಕಿ, ಮಾತು ಮುಂದುವರಿಸುತ್ತಿದ್ದರು. ನಮ್ಮ ಮನೆಯಲ್ಲಿ ಬೆಂಕಿಗೆ ಹೆದರುವವರು ಯಾರೂ ಇರಲಿಲ್ಲ. ಹೆದರಿಕೆಯೆಲ್ಲ ನೀರಿನದು. ಅಜ್ಜಿ, ಅಂದರೆ ಅಪ್ಪನ ತಾಯಿ, ಚಿಕ್ಕಂದಿನಲ್ಲಿ ತನ್ನ ತಮ್ಮ ಇದೇ ಹೊಳೆಯಲ್ಲಿ ಮುಳುಗಿದ್ದನ್ನು ಕಂಡವಳು. ಊರನ್ನು ಕೊನೆಯವರೆಗೂ ಅದರ ಹಳೆಯ ಹೆಸರಿನಿಂದ ಬೆಂಕಿಪುರ ಎಂದೇ ಕರೆದಳು. ನಾನಾಗಲಿ, ನನ್ನ ಚಿಕ್ಕಮ್ಮನಾಗಲಿ ಕೊಡ ತೆಗೆದುಕೊಂಡು ಹೊಳೆಗೆ ಹೊರಟರೆ, ಕಾಲು ಒದ್ದೆಯಾಗುವ ಮೆಟ್ಟಿಲಿಗಿಂತ ಕೆಳಗೆ ಇಳಿಯುವುದಿಲ್ಲವೆಂದು ಅವಳ ಕೈ ಮುಟ್ಟಿ ಹೇಳಿ ಹೋಗಬೇಕಿತ್ತು.

ಚಿಕ್ಕಮ್ಮ ಎಂದರೆ ಗಿರಿಜ, ಅಪ್ಪನ ತಮ್ಮನ ಹೆಂಡತಿ. ಮದುವೆಯಾಗಿ ಬಂದು ಆಗಿನ್ನೂ ಎರಡನೆಯ ದೀಪಾವಳಿ. ಚಿಕ್ಕಪ್ಪ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಚಿಕ್ಕಮ್ಮ ನನ್ನ ಗೆಳತಿಯಂತೆ ಇರುತ್ತಿದ್ದಳು. ಅವಳಿಗೆ ನಗು ಬೇಗ ಬರುತ್ತಿತ್ತು. ಭಾವನ ಎದುರು ನಿಂತು ಮಾತಾಡುವುದು ಆಗಿನ ಸೊಸೆಯರಿಗೆ ಸಲ್ಲದ ವಿಷಯ. ಅವಳು ಅಡಿಗೆಮನೆಯ ಬಾಗಿಲ ಹಿಂದೆ ಅರ್ಧ ಮರೆಯಾಗಿ ನಿಂತು, ಅಪ್ಪ ಹೇಳಿದ್ದಕ್ಕೆಲ್ಲ ಒಂದು ಮಾತು ಜೋಡಿಸುತ್ತಿದ್ದಳು. ಅಪ್ಪನಿಗೂ ಅದು ಇಷ್ಟವಿತ್ತು.

ದೋಣಿ ನಮ್ಮ ಮನೆಗೆ ಬಂದದ್ದು ಅಮ್ಮನ ಬಸಿರಿನ ಕಾರಣದಿಂದ. ಅಮ್ಮನ ತವರು ಹೊಳೆಯ ಕೆಳಗಡೆ, ಕೂಡ್ಲಿಯ ದಿಕ್ಕಿನಲ್ಲಿ, ದಡದ ಮೇಲೇ ಇರುವ ಹಳ್ಳಿ. ಹಿಂದಿನ ಸಲ ಏಳನೆಯ ತಿಂಗಳಲ್ಲಿ ಹೆರಿಗೆಗೆಂದು ಎತ್ತಿನ ಗಾಡಿಯಲ್ಲಿ ಹೊರಟವಳು, ಕಲ್ಲುದಾರಿಯ ಕುಲುಕಾಟಕ್ಕೆ ನಡುದಾರಿಯಲ್ಲೇ ನೋವು ಬಂದು, ಗಾಡಿಯಲ್ಲೇ ಮಗುವನ್ನು ಕಳೆದುಕೊಂಡಿದ್ದಳು. ಆಗ ನಾನೂ ಗಾಡಿಯಲ್ಲಿದ್ದೆ. ನನ್ನನ್ನು ಇಳಿಸಿ ಗಾಡಿಯ ಮುಂದೆ, ಎತ್ತುಗಳ ಹತ್ತಿರ ನಿಲ್ಲಿಸಿದ್ದು ನೆನಪಿದೆ. ಈ ಸಲ ಬಸಿರು ನಿಂತದ್ದು ಗೊತ್ತಾದ ದಿನವೇ ಅಪ್ಪ ಹೇಳಿಬಿಟ್ಟರು, ಅವಳು ಇನ್ನು ಗಾಡಿ ಹತ್ತುವುದಿಲ್ಲ ಎಂದು. ತವರಿಗೆ ಹೋಗದೆ ಇರುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ಅಲ್ಲೇ ಆಗಬೇಕು. ಸೂರ್ಯ ಹುಟ್ಟುವಷ್ಟು ಸಹಜವಾಗಿತ್ತು ಅದು. ಹಾಗಾಗಿ ಉಳಿದದ್ದು ಹೊಳೆಯ ದಾರಿ.

ಹೊಳೆದಂಡೆಯಲ್ಲಿ ಒಂದು ಮುರುಕು ಕೊಟ್ಟಿಗೆ ಇತ್ತು. ಅದರೊಳಗೆ ಒಂದು ಮೋಟಾರು ದೋಣಿ ಕವುಚಿಕೊಂಡು ಬಿದ್ದಿತ್ತು. ಮರದ ದಿಮ್ಮಿ ತೇಲಿಸುವುದನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ಬಿಳಿಯ ಅಧಿಕಾರಿ ಬಿಟ್ಟು ಹೋದದ್ದಂತೆ. ನಾಯಿಗಳು ಅದರ ಕೆಳಗೆ ಮರಿ ಹಾಕುತ್ತಿದ್ದವು. ಅಪ್ಪ ಯಾರನ್ನು ಕೇಳಿ, ಹೇಗೆ ಅದನ್ನು ಪಡೆದರೆಂಬುದು ನನಗೆ ತಿಳಿಯದು. ಒಂದು ಭಾನುವಾರ ಕಾರ್ಖಾನೆಯ ಕೆಲವರ ಜೊತೆ ಅದನ್ನು ಉರುಳುಗಂಬದ ಮೇಲೆ ದಬ್ಬಿಕೊಂಡು ಓಣಿಯೊಳಗೆ ತಂದರು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಕಲ್ಲುಗಳ ಮೇಲೆ ನಿಲ್ಲಿಸಿದರು. ಚಿಕ್ಕಮ್ಮ ಕಿಟಕಿಯಿಂದ ನೋಡಿ ಅಮ್ಮನನ್ನು ಕೂಗಿದಳು.

"ಅಕ್ಕಾ, ಬನ್ನಿ ಇಲ್ಲಿ. ಭಾವ ನಿಮಗೊಬ್ಬ ಸವತೀನ ಕರ್ಕೊಂಡು ಬಂದಿದಾರೆ. ಸ್ವಲ್ಪ ವಯಸ್ಸಾಗಿದೆ, ಅಷ್ಟೇ."

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ನಮ್ಮ ಮನೆಯಲ್ಲಿ ದೋಣಿಯ ಹೆಸರು ಸವತಿ. ಅಪ್ಪ ಕಾರ್ಖಾನೆಯಿಂದ ಬಂದು ಕಾಫಿ ಕುಡಿದು ಅದರ ಹತ್ತಿರ ಹೋದರೆ, ಕತ್ತಲಾದರೂ ಒಳಗೆ ಬರುತ್ತಿರಲಿಲ್ಲ. ಬಿರಿದ ಹಲಗೆಗಳ ಸಂದಿಗೆ ಹತ್ತಿಯ ನಾರು ತುರುಕಿ ಉಳಿಯಿಂದ ಬಡಿದರು. ಅದರ ಮೇಲೆ ಬಿಸಿ ಡಾಂಬರು ಸುರಿದರು. ಇಂಜಿನ್ನನ್ನು ಬಿಚ್ಚಿ ನಡುಮನೆಗೆ ತಂದು, ಹಳೆಯ ಪಂಚೆಯ ಮೇಲೆ ಹರವಿದರು. ತಿಂಗಳುಗಟ್ಟಲೆ ನಾವು ಅದರ ಸುತ್ತ ಎಲೆ ಹಾಕಿ ಉಂಡೆವು. ಚಿಕ್ಕಪ್ಪ ಪ್ರತಿ ವಾರ ಗಾಂಧಿ ಬಜಾರಿನಿಂದ ಏನಾದರೊಂದು ತರುತ್ತಿದ್ದರು: ತಾಮ್ರದ ಕೊಳವೆ, ತಿರುಪು, ತಗಡು. ಪೆಟ್ರೋಲಿನ ಟ್ಯಾಂಕು ತುಕ್ಕು ಹಿಡಿದು ಜರಡಿಯಾಗಿತ್ತು. ಅಪ್ಪ ಹೊಸ ತಗಡು ಕತ್ತರಿಸಿ ಬೆಸುಗೆ ಹಾಕಿ ತಾವೇ ಒಂದನ್ನು ಮಾಡಿದರು. ಅದರ ಒಂದು ಮೂಲೆ ಸದಾ ಬೆವರುತ್ತಿತ್ತು. ಬೆಸುಗೆ ಎರಡು ಸಲ ಬಿಚ್ಚಿ ಹಾಕಿದರೂ ನಿಲ್ಲಲಿಲ್ಲ. ಕೊನೆಗೆ ಬಟ್ಟೆ ಸೋಪನ್ನು ಮೆತ್ತಗೆ ನಾದಿ ಆ ಮೂಲೆಗೆ ಮೆತ್ತಿದರು. ಮೋಟಾರಿನವರೆಲ್ಲ ಹಾಗೇ ಮಾಡುವುದೆಂದು ಚಿಕ್ಕಪ್ಪ ಹೇಳಿದರು. ಅದು ನಿಜವೇ ಇರಬೇಕು. ಆಮೇಲೆ ಎಷ್ಟೋ ಬಸ್ಸಿನವರು ಸೋಪು ಮೆತ್ತುವುದನ್ನು ನಾನೇ ನೋಡಿದ್ದೇನೆ.

ಪೆಟ್ರೋಲಿನ ವಾಸನೆ ಮನೆಯನ್ನು ಹೊಕ್ಕಿತು. ಮೊದಲು ಅಪ್ಪನ ಬಟ್ಟೆಯಲ್ಲಿ, ಆಮೇಲೆ ಒಣಹಾಕಿದ ನಮ್ಮೆಲ್ಲರ ಬಟ್ಟೆಯಲ್ಲಿ, ಕೊನೆಗೆ ಸಾರಿನಲ್ಲೂ ಇದೆಯೇನೋ ಎನಿಸುವಂತೆ. ನನಗೆ ಆ ವಾಸನೆ ಇಷ್ಟವಾಗಿತ್ತು. ಅದರಲ್ಲಿ ದೂರ ಹೋಗುವ ಸುಖವಿತ್ತು. ಅಮ್ಮನಿಗೆ ಮಾತ್ರ ಹಿತ್ತಲಿಗೆ ಓಡುವಷ್ಟು ವಾಕರಿಕೆ. ತನಗಾಗಿಯೇ ಕಟ್ಟುತ್ತಿರುವ ದೋಣಿಯ ಬಗ್ಗೆ ಹೇಗೆ ದೂರುವುದೆಂದು ಅವಳು ಬಹಳ ದಿನ ಸುಮ್ಮನಿದ್ದಳು. ಒಂದು ದಿನ ಊಟದ ಹೊತ್ತಿಗೆ ಎಲೆಯ ಮುಂದಿನಿಂದ ಎದ್ದು ಹೋಗಿ, ಬಂದು, ಬಾಗಿಲ ಹತ್ತಿರ ನಿಂತು, ತನ್ನನ್ನು ಗಾಡಿಯಲ್ಲೇ ಕಳಿಸಿದ್ದರೆ ಚೆನ್ನಾಗಿತ್ತು ಎಂದಳು. ಅಪ್ಪ ಉಣ್ಣುವುದನ್ನು ನಿಲ್ಲಿಸಿದರು. ಮಾರನೆಯ ದಿನ ಇಂಜಿನ್ನು ನಡುಮನೆಯಿಂದ ಹೊರಗೆ ಹೋಯಿತು. ವಾಸನೆ ಹೋಗಲಿಲ್ಲ.

ಅಮ್ಮನಿಗೆ ಆರು ತುಂಬುತ್ತ ಬಂದಾಗ ದೋಣಿಗೆ ರೂಪ ಬಂದಿತ್ತು. ಕಾರ್ತಿಕದ ದಿನಗಳು. ಹೊಳೆ ತಿಳಿಯಾಗಿ, ಇಳಿದು, ಸದ್ದಿಲ್ಲದೆ ಹರಿಯುತ್ತಿತ್ತು. ಏಳು ತುಂಬುವ ಮೊದಲು ಅಮ್ಮನನ್ನು ತವರಿಗೆ ಮುಟ್ಟಿಸಬೇಕು. ಅವಳ ಜೊತೆಗೆ ನಾನೂ ಚಿಕ್ಕಮ್ಮನೂ ಹೋಗುವವರಿದ್ದೆವು. ಅಪ್ಪನಿಗೆ ಈಗ ದೋಣಿಯ ಚಿಂತೆ ಹೋಗಿ ನಮ್ಮ ಚಿಂತೆ ಹತ್ತಿತು. ನಾವು ಯಾರೂ ದೋಣಿ ಹತ್ತಿದವರಲ್ಲ, ಈಜು ಬಂದವರಲ್ಲ. ಒಬ್ಬರು ಹೆದರಿ ಎದ್ದು ನಿಂತರೆ ಸಾಕು, ದೋಣಿ ಮಗುಚುತ್ತದೆ. ಅದಕ್ಕೇ ಅವರು ನಡುಮನೆಯ ನೆಲದ ಮೇಲೆ ದೋಣಿಯ ಅಳತೆಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಯಾರು ಎಲ್ಲಿ ಕೂರಬೇಕೆಂದು ಗುರುತು ಮಾಡಿದರು. ಬೆಳಿಗ್ಗೆ ಅಜ್ಜಿ ಕಸ ಗುಡಿಸಿ ಒರೆಸಿದಾಗ ಗೆರೆ ಹೋಯಿತು. ಮತ್ತೆ ಎಳೆದರು, ಮತ್ತೆ ಹೋಯಿತು. ಮೂರನೆಯ ಸಲ ಡಾಂಬರಿನ ಡಬ್ಬಿಯೇ ಒಳಗೆ ಬಂತು. ಅಜ್ಜಿ ಅಂದು ಊಟ ಮಾಡಲಿಲ್ಲ. ದೇವರ ಕೋಣೆಯ ಮುಂದೆ ಕರೀ ಗೆರೆ ಎಳೆದ ಮಗನನ್ನು ಎಲ್ಲೂ ಕಂಡಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ನಾವು ಆ ಗೆರೆಯೊಳಗೆ ಕೂರಬೇಕಿತ್ತು. ಮುಂದೆ ನಾನು, ನಡುವೆ ಚಿಕ್ಕಮ್ಮ, ಅವಳ ಹಿಂದೆ ಅಮ್ಮ. ಹಿಂಭಾಗದಲ್ಲಿ, ಇಂಜಿನ್ನಿನ ಜಾಗದಲ್ಲಿ, ಅಪ್ಪ ಮುಕ್ಕಾಲಿ ಹಾಕಿಕೊಂಡು ಕೂರುತ್ತಿದ್ದರು. ಎರಡೂ ಪಕ್ಕಕ್ಕೆ ಮಣೆಗಳನ್ನು ನಿಲ್ಲಿಸಿ ಅವನ್ನೇ ದೋಣಿಯ ಅಂಚು ಎಂದು ಹಿಡಿದುಕೊಳ್ಳಬೇಕು. ಅಪ್ಪ ಇದ್ದಕ್ಕಿದ್ದಂತೆ ಕೂಗುತ್ತಿದ್ದರು, ಪಾತ್ರೆ ಬೀಳಿಸುತ್ತಿದ್ದರು, ಒಮ್ಮೆ ನನ್ನ ಬೆನ್ನ ಮೇಲೆ ತಣ್ಣೀರು ಎರಚಿದರು. ನಾನು ಎದ್ದುಬಿಟ್ಟೆ. ಅಮ್ಮನೂ ಎದ್ದಳು. ಚಿಕ್ಕಮ್ಮ ಏಳಲಿಲ್ಲ.

"ನೋಡಿ, ಗಿರಿಜನ್ನ ನೋಡಿ ಕಲೀರಿ. ದೋಣೀಲಿ ಏನೇ ಆಗ್ಲಿ, ಏಳ್ಬಾರ್ದು. ಎರಡೂ ಅಂಚು ಗಟ್ಟಿ ಹಿಡ್ಕೊಂಡು ಕೂತಲ್ಲೇ ಕೂತಿರ್ಬೇಕು. ಎದ್ದೋರೇ ದೋಣಿ ಮುಳುಗ್ಸೋದು."

"ಹಾವು ಬಂದ್ರೆ, ಭಾವ?"

"ಹಾವು ಬಂದ್ರೂ."

"ಹುಲಿ?"

"ಹುಲಿ ನೀರಿಗೆ ಬರುತ್ತೇನಮ್ಮ? ಬಂದ್ರೂ ಕೂತಿರು."

"ಅತ್ತೆ ಕರೆದ್ರೆ?"

ಅಪ್ಪ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಅತ್ತೆ ಕರೆದರೂ ಏಳಬೇಡ ಎಂದರು. ಒಳಗಿನಿಂದ ಅಜ್ಜಿ, ತನಗೆ ಕಿವಿ ಇನ್ನೂ ಕೇಳುತ್ತದೆ ಎಂದಳು. ನಾವೆಲ್ಲ ನಕ್ಕೆವು. ಆ ಸಂಜೆಗಳಲ್ಲಿ ಬಂಡೆ ಬಂತು, ಸುಳಿ ಬಂತು, ಮೊಸಳೆ ಬಂತು. ಬೆಂಕಿಯ ಹೆಸರನ್ನು ಯಾರೂ ಎತ್ತಲಿಲ್ಲ. ಚಿಕ್ಕಪ್ಪ ವಾರದ ಕೊನೆಗೆ ಬರುತ್ತಿದ್ದವರು, ಈ ಪಾಠಕ್ಕೆ ಒಮ್ಮೆಯೂ ಕೂತವರಲ್ಲ. ಅವರಿಗೆ ಅದು ಹೆಂಗಸರ, ಮಕ್ಕಳ ಆಟವಾಗಿ ಕಂಡಿತ್ತು.

ದೋಣಿ ನೀರಿಗಿಳಿಯಿತು. ಅಪ್ಪ, ಚಿಕ್ಕಪ್ಪ ಅದನ್ನು ಓಡಿಸಿ ನೋಡಿ ಬಂದರು. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಟ್ಯಾಂಕು ತುಂಬಿಸಿ, ಇಬ್ಬನಿ ಬೀಳದಂತೆ, ಹುಡುಗರು ಹತ್ತದಂತೆ, ದೋಣಿಗೆ ಮೇಣಗಪಟ ಹೊದಿಸಿ ಬಿಗಿಯಾಗಿ ಕಟ್ಟಿದರು. ಆಗ ಅಜ್ಜಿ ತನ್ನ ಮಾತು ಎತ್ತಿದಳು. ಹೆಣ್ಣುಮಕ್ಕಳು ಕೂತು ಹೋಗುವ ಜಾಗವೆಂದರೆ ಅದೂ ಮನೆಯೇ. ಹೊಸ ಮನೆಗೆ ಹಾಲು ಉಕ್ಕಿಸದೆ ಯಾರೂ ಕಾಲಿಡುವುದಿಲ್ಲ. ಬಸುರಿಯನ್ನು ಹಾಗೆಯೇ ಕೂರಿಸಿ ನೀರಿಗೆ ಬಿಡುವುದಕ್ಕೆ ತಾನು ಒಪ್ಪುವವಳಲ್ಲ. ಅಪ್ಪ ವಾದ ಮಾಡಲಿಲ್ಲ. ಡಾಂಬರಿನ ಗೆರೆಗೆ ಅಜ್ಜಿ ಸುಮ್ಮನಾದದ್ದಕ್ಕೆ ಇದು ಬದಲು ಎಂದು ಅವರಿಗೆ ಅನ್ನಿಸಿರಬಹುದು. ಹಾಲು ಉಕ್ಕಿಸಬೇಕಾದವಳು ಮನೆಯ ಹಿರಿಯ ಮುತ್ತೈದೆ. ಅಜ್ಜಿ ವಿಧವೆ, ಮುಟ್ಟುವಂತಿಲ್ಲ. ಆದ್ದರಿಂದ ಅಮ್ಮ. ದೋಣಿ ದಡಕ್ಕೆ ತಾಗಿರಬಾರದು, ನೀರಿನ ಮೇಲೇ ತೇಲುತ್ತಿರಬೇಕೆಂದೂ ಅಜ್ಜಿಯೇ ಹೇಳಿದಳು.

ಅಂದು ಬೆಳಿಗ್ಗೆ ಅಪ್ಪ ಎಷ್ಟು ಜಾಗ್ರತೆ ವಹಿಸಿದರೆಂಬುದನ್ನು ಬರೆಯಲೇಬೇಕು. ಪೆಟ್ರೋಲಿನ ಡಬ್ಬಿಯನ್ನು ದಡದ ಮೇಲೆ, ದೂರದ ಮರದ ಬುಡಕ್ಕೆ ಸಾಗಿಸಿದರು. ಅಗ್ಗಿಷ್ಟಿಕೆಯನ್ನು ಇಂಜಿನ್ನಿನ ಹತ್ತಿರ ಇಡದೆ ದೋಣಿಯ ಮುಂಭಾಗದಲ್ಲಿ ಇಡಿಸಿದರು. ಹಲಗೆ ಸುಡಬಾರದೆಂದು ಕೆಳಗೆ ಮರಳು ತುಂಬಿದ ಬಾಂಡಲಿ. ಪಕ್ಕದಲ್ಲಿ ಒಂದು ಕೊಡ ನೀರು. ಕಾರ್ಖಾನೆಯಲ್ಲಿ ಬೆಂಕಿಯನ್ನು ನೋಡಿಕೊಳ್ಳುವವರು ಇಷ್ಟೇ ಮಾಡುತ್ತಾರೆ, ಇದಕ್ಕಿಂತ ಹೆಚ್ಚು ಮಾಡುವುದಿಲ್ಲ. ಮೇಣಗಪಟ ಬಿಚ್ಚಿದಾಗ ವಾಸನೆ ಒಮ್ಮೆಲೇ ಮೇಲೆ ಬಂದು ಮೆಟ್ಟಿಲ ಮೇಲೆ ನಿಂತಿದ್ದ ನಮ್ಮನ್ನು ಮುಟ್ಟಿತು. ಚಿಕ್ಕಪ್ಪ ಮೂಗು ಮುಚ್ಚಿ, ಸವತಿ ಅತ್ತರು ಹಚ್ಚಿಕೊಂಡಿದ್ದಾಳೆ ಎಂದರು. ಆ ವಾಸನೆಯ ಗಾಳಿ ಭಾರವಾದದ್ದು, ನೆಲದ ಹಲಗೆಗಳ ಕೆಳಗೆ ನೀರಿನಂತೆ ಇಳಿದು ನಿಂತಿರುತ್ತದೆ, ಅದಕ್ಕೆ ಒಂದು ಕಿಡಿ ಸಾಕು ಎಂದು ನಮಗೆ ತಿಳಿದದ್ದು ಆಮೇಲೆ. ಕಾರ್ಖಾನೆಯಿಂದ ನೋಡಲು ಬಂದವರೊಬ್ಬರು ಹೇಳಿದರು. ಅಪ್ಪ ಬೆಂಕಿಯನ್ನು ಬಲ್ಲವರು. ಈ ಬೆಂಕಿ ಅವರಿಗೆ ಗೊತ್ತಿರಲಿಲ್ಲ.

ಅಮ್ಮ ಹಾಲಿನ ಪಾತ್ರೆ ಹಿಡಿದು ದೋಣಿಗೆ ಒಂದು ಕಾಲು ಇಟ್ಟಳು. ಅಲ್ಲೇ ನಿಂತಳು. ಅವಳ ಮುಖ ಬಿಳಿಚಿತು. ಪಾತ್ರೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಕಾಲು ಹಿಂದೆ ತೆಗೆದು, ಮೆಟ್ಟಿಲಿನ ಬದಿಗೆ ಹೋಗಿ ವಾಂತಿ ಮಾಡಿಕೊಂಡಳು. ತನ್ನಿಂದ ಆ ವಾಸನೆಯಲ್ಲಿ ಕೂರಲಾಗುವುದಿಲ್ಲ ಎಂದಳು. ಅಜ್ಜಿ ಮುಖ ಗಂಟಿಕ್ಕಿದಳು. ಹೊತ್ತು ಮೀರುತ್ತಿತ್ತು.

"ನಾನು ಮಾಡ್ಲಾ ಅತ್ತೆ? ನಾನೂ ಮುತ್ತೈದೆನೇ ಅಲ್ವಾ?"

ಅಜ್ಜಿ ತಲೆಯಾಡಿಸಿದಳು. ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ನಾನೂ ನನ್ನ ಜಾಗದಲ್ಲಿ ಕೂರಲು ಹೊರಟಿದ್ದೆ. ಅಜ್ಜಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದು, ಮೆಟ್ಟಿಲಿನ ಮೇಲೆ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ನೀನು ಇಲ್ಲೇ ನಿಂತು ನೋಡು, ಪದ್ದೂ. ನನ್ನ ಕಣ್ಣು ಅಷ್ಟು ದೂರ ಹೋಗಲ್ಲ. ಹಾಲು ಯಾವ ಕಡೆ ಉಕ್ಕುತ್ತೆ ನೋಡಿ ಹೇಳ್ಬೇಕು. ಮೂಡ್ಲಿಗೆ ಉಕ್ಕಿದ್ರೆ ಒಳ್ಳೇದು. ಕಣ್ಣು ಆಚೆ ಈಚೆ ಆಡಿಸ್ಬೇಡ."

ಹೀಗಾಗಿ ನಾನು ನೋಡಿದೆ. ಮಿಕ್ಕವರು ಮಾತಾಡುತ್ತಿದ್ದರು, ಅಮ್ಮ ಬಾಯಿ ತೊಳೆಯುತ್ತಿದ್ದಳು, ಅಪ್ಪ ಮೆಟ್ಟಿಲಿನ ಮೇಲೆ ಹಗ್ಗ ಹಿಡಿದು ಸಡಿಲ ಬಿಡುತ್ತಿದ್ದರು. ನಾನು ಹಾಲನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ದೋಣಿ ಎರಡು ಮೂರು ಮಾರು ದೂರ ಹೋಗಿ ನಿಂತಿತು. ಮೊದಲೇ ಹತ್ತಿದ್ದ ಚಿಕ್ಕಪ್ಪ ಹಿಂದೆ, ಇಂಜಿನ್ನಿನ ಪಕ್ಕದಲ್ಲಿ. ಚಿಕ್ಕಮ್ಮ ನಡುವಿನ ತನ್ನ ಜಾಗದಲ್ಲಿ, ಅಗ್ಗಿಷ್ಟಿಕೆಗೆ ಮುಖ ಮಾಡಿ. ನೀರಿನ ಸೆಳೆತಕ್ಕೆ ದೋಣಿ ಮೆಲ್ಲಗೆ ತಿರುಗುತ್ತಿತ್ತು. ಆದ್ದರಿಂದ ನಾನು ದೋಣಿಯನ್ನು ಬಿಟ್ಟು ಸೂರ್ಯನನ್ನು ಗುರುತಾಗಿಟ್ಟುಕೊಂಡೆ. ಹಾಲು ಮೇಲೇರಿತು. ಬಿಳಿಯ ಗುಳ್ಳೆ ಪಾತ್ರೆಯ ಅಂಚಿಗೆ ಬಂದು ಒಂದು ಕ್ಷಣ ನಿಂತಿತು. ಆಮೇಲೆ ಸೂರ್ಯನಿದ್ದ ಕಡೆಗೇ ಬಗ್ಗಿ ಹೊರಗೆ ಸುರಿಯಿತು. ಮೂಡಲಿಗೇ. ಕೆಂಡದ ಮೇಲೆ ಬಿದ್ದು ಚುಂಯ್ ಎಂದಿತು. ಒಂದು ಇದ್ದಿಲು ಚಟ್ಟೆಂದು ಸಿಡಿದು ಮರಳಿನ ಆಚೆಗೆ ಹಾರಿತು. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಕಡೆ ತಿರುಗಿ ನಕ್ಕಳು. ಹಲಗೆಗಳ ಸಂದಿಯಲ್ಲಿ ನೀಲಿ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. ಬಿಸಿಲಿನಲ್ಲಿ ಅದು ಕಂಡೂ ಕಾಣದಷ್ಟು ತೆಳುವಾಗಿತ್ತು. ಆಮೇಲೆ ಸದ್ದು. ದೊಡ್ಡ ಸದ್ದಲ್ಲ, ದಪ್ಪ ಬಾಗಿಲು ಹಾಕಿದಂಥ ಸದ್ದು.

ಇಂಜಿನ್ನಿನ ಹತ್ತಿರದ ಹಲಗೆಗಳು ಮೇಲೆದ್ದವು. ಚಿಕ್ಕಪ್ಪ ಎದ್ದು ನೀರಿಗೆ ಹಾರಿದರು. ಹಾರಿ, ಅಲ್ಲೇ ನಿಂತರು. ನೀರು ಅವರ ಸೊಂಟದವರೆಗೆ ಇತ್ತು. ಚಿಕ್ಕಮ್ಮನ ಸುತ್ತ ಬೆಂಕಿ ಹಲಗೆಯ ಕೆಳಗಿನಿಂದ ಮೇಲೆ ಬರುತ್ತಿತ್ತು. ಅವಳು ಎರಡೂ ಕೈಗಳಿಂದ ದೋಣಿಯ ಎರಡೂ ಅಂಚುಗಳನ್ನು ಹಿಡಿದುಕೊಂಡು ಕೂತಿದ್ದಳು. ಅಪ್ಪ ಏನೆಂದು ಕೂಗಿದರು ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ಅಪ್ಪ ಕೂಗಲಿಲ್ಲ. ಹಗ್ಗ ಎಳೆದರು. ಒಂದು ಕೈಯ ಮುಂದೆ ಇನ್ನೊಂದು ಕೈ ಹಾಕಿ ಎಳೆದು, ದೋಣಿ ಮೆಟ್ಟಿಲಿಗೆ ತಾಗುವ ಮೊದಲೇ ಉರಿಯುವ ದೋಣಿಗೆ ಬಗ್ಗಿ ಅವಳನ್ನು ಎತ್ತಿಕೊಂಡರು. ಅಂಚು ಹಿಡಿದಿದ್ದ ಅವಳ ಬೆರಳುಗಳನ್ನು ಬಿಡಿಸಬೇಕಾಯಿತು. ಅದನ್ನೂ ನಾನು ನೋಡಿದೆ. ಅಜ್ಜಿ ನನ್ನ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿಕೊಂಡು, ಏನಾಯಿತೆಂದು ಕೇಳುತ್ತಲೇ ಇದ್ದಳು.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಚಿಕ್ಕಮ್ಮನನ್ನು ಬಾಳೆಯ ಎಲೆಗಳ ಮೇಲೆ ಮಲಗಿಸಿದ್ದರು. ಮುಖಕ್ಕೆ ಅಷ್ಟಾಗಿ ಏನೂ ಆಗಿರಲಿಲ್ಲ. ಅವಳು ನನ್ನನ್ನು ಕೇಳುತ್ತಿದ್ದಾಳೆಂದು ಅಪ್ಪ ಒಂದು ದಿನ ನನ್ನನ್ನು ಕರೆದೊಯ್ದರು. ಅಪ್ಪನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ನಾನು ಅವರ ಅಂಗಿಯ ತುದಿ ಹಿಡಿದುಕೊಂಡು ಒಳಗೆ ಹೋದೆ. ಅವಳು ಮೆಲ್ಲಗೆ ಮಾತಾಡಿದಳು. ಹಾಲು ಯಾವ ಕಡೆ ಉಕ್ಕಿತೆಂದು ಕೇಳಿದಳು. ಮೂಡಲಿಗೆ ಎಂದೆ.

"ಸರಿಯಾಗಿ ನೋಡಿದ್ಯಾ?"

"ನೋಡ್ದೆ ಚಿಕ್ಕಮ್ಮ. ಸೂರ್ಯ ಇದ್ದ ಕಡೆಗೇ."

"ಹಾಗಾದ್ರೆ ಅಕ್ಕಂಗೆ ಒಳ್ಳೇದಾಗುತ್ತೆ," ಎಂದಳು. ಆಮೇಲೆ ಅಪ್ಪನನ್ನು ನೋಡಿದಳು. ಅಂಥ ಹೊತ್ತಿನಲ್ಲೂ ಅವಳ ದನಿಯಲ್ಲಿ, ಪಾಠ ಒಪ್ಪಿಸಿದ ಹುಡುಗಿಯ ದನಿಯಲ್ಲಿರುವಂಥದ್ದು ಏನೋ ಇತ್ತು.

"ನಾನು ಏಳ್ಲಿಲ್ಲ ಭಾವ."

ಅವಳು ಅದನ್ನು ದೂರೆಂದು ಹೇಳಲಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಅಪ್ಪ ಗೋಡೆಯ ಕಡೆ ತಿರುಗಿದರು. ಬಟ್ಟೆ ಸುತ್ತಿದ ಕೈಯಿಂದ ನನ್ನ ತಲೆಯನ್ನು ತಡವಿದರು. ಅದು ನನ್ನ ತಲೆಯೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವಳು ಆ ವಾರ ದಾಟಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಚಿಕ್ಕಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಒಂದೇ ಮಾತನ್ನು ಕೇಳುತ್ತಿದ್ದರು. ಸೊಂಟದ ಮಟ್ಟದ ನೀರು. ತಾವು ಹಾರಿದ ಮೇಲೆ ಅವಳೂ ಹಿಂದೆಯೇ ಹಾರುತ್ತಾಳೆ ಎಂದುಕೊಂಡಿದ್ದರು. ಯಾಕೆ ಹಾರಲಿಲ್ಲ? ಅಮ್ಮನನ್ನು ಕೇಳಿದರು, ಅಜ್ಜಿಯನ್ನು ಕೇಳಿದರು. ಅವಳಿಗೆ ನೀರೆಂದರೆ ಭಯವಿತ್ತೆಂದು ಅಜ್ಜಿ ಹೇಳಿದಳು. ಅದು ಸುಳ್ಳಲ್ಲ. ಆ ಭಯವನ್ನು ಕಲಿಸಿದವಳೂ ತಾನೇ ಆದ್ದರಿಂದ, ಹೇಳುತ್ತ ಹೇಳುತ್ತ ಅವಳ ಮಾತು ನಿಂತುಹೋಯಿತು. ಉತ್ತರ ಅಪ್ಪನಿಗೂ ನನಗೂ ಗೊತ್ತಿತ್ತು. ನಾನು ಅಪ್ಪನ ಮುಖ ನೋಡುತ್ತಿದ್ದೆ. ಒಂದು ಸಂಜೆ, ಚಿಕ್ಕಪ್ಪ ಮತ್ತೆ ಕೇಳಿದಾಗ, ಅಪ್ಪ ಕಾಫಿಯ ಲೋಟ ಕೆಳಗಿಟ್ಟರು.

"ಅವಳಿಗೆ ಏಳ್ಬೇಡ ಅಂತ ಕಲಿಸಿದ್ದು ನಾನು ಕಣೋ. ಇಲ್ಲೇ. ನೀನು ಕೂತಿದೀಯಲ್ಲ, ಈ ಗೆರೆ ಒಳಗೇ."

ಚಿಕ್ಕಪ್ಪ ತಾವು ಕೂತ ಜಾಗವನ್ನು ನೋಡಿಕೊಂಡರು. ಆ ಗೆರೆಯೊಳಗೆ ಏನು ಕಲಿಸಿದ್ದೆಂದು ಅವರಿಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಎದ್ದು ಗೆರೆಯ ಆಚೆಗೆ ಹೋಗಿ ನಿಂತರು. ಮಾರನೆಯ ದಿನ ಟ್ರಂಕು ತೆಗೆದುಕೊಂಡು ಶಿವಮೊಗ್ಗಕ್ಕೆ ಹೋದರು. ಮುಂದೆ ಎಂದೋ ಅಜ್ಜಿ ಸತ್ತಾಗ ಬಂದರು. ನಡುಮನೆಗೆ ಕಾಲಿಡದೆ ಹಿತ್ತಲ ಬಾಗಿಲಿನಿಂದ ಬಂದು, ಅದೇ ಬಾಗಿಲಿನಿಂದ ಹೋದರು.

ಅಮ್ಮನ ಹೆರಿಗೆಗೆ ತವರಿನಿಂದ ಅವಳ ತಾಯಿ ತಾನೇ ನಮ್ಮ ಮನೆಗೆ ಬಂದಳು. ಗಾಡಿಯಲ್ಲಿ, ಒಂದು ಬಟ್ಟೆಗಂಟು, ಒಂದು ಡಬ್ಬಿ ತುಪ್ಪ ತೆಗೆದುಕೊಂಡು, ಬೆಳಿಗ್ಗೆ ಹೊರಟು ಸಂಜೆಗೆ ಬಂದು ಇಳಿದಳು. ಅಷ್ಟೇ ಆಗಿತ್ತು. ಇದು ಯಾರಿಗೂ ಮೊದಲು ಹೊಳೆದಿರಲಿಲ್ಲ. ಅಪ್ಪ ಜಗಲಿಯಲ್ಲಿ ನಿಂತು, ಅವಳು ಗಾಡಿಯಿಂದ ಇಳಿಯುವುದನ್ನು ಬಹಳ ಹೊತ್ತು ನೋಡಿದರು. ಹುಟ್ಟಿದ್ದು ಗಂಡು, ನನ್ನ ತಮ್ಮ ರಘು. ಹಾಲು ಮೂಡಲಿಗೆ ಉಕ್ಕಿದ್ದರಿಂದ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು, ನೋಡಿದವಳು ಇವಳೇ ಎಂದು ನನ್ನನ್ನು ತೋರಿಸುತ್ತಿದ್ದಳು. ರಘು ಅಂಬೆಗಾಲಿಡುತ್ತ ಆ ಗೆರೆಯ ನಡುವಿನ ಜಾಗಕ್ಕೆ ಹೋದರೆ, ಯಾರಾದರೊಬ್ಬರು ಸದ್ದಿಲ್ಲದೆ ಅವನನ್ನು ಎತ್ತಿಕೊಂಡು ಬರುತ್ತಿದ್ದರು.

ನಾನು ಮುಂದೆ ಶಾಲೆಯಲ್ಲಿ ಉಪಾಧ್ಯಾಯಿನಿಯಾದೆ. ಏನೇ ಆದರೂ ಕೂತಲ್ಲೇ ಕೂತಿರಿ ಎಂದು ಯಾವ ಮಗುವಿಗೂ ಹೇಳಲಾಗಲಿಲ್ಲ. ಶಿಸ್ತು ಇಲ್ಲದ ತರಗತಿ ಎಂದು ನನ್ನ ಮೇಲೆ ದೂರಿತ್ತು. ಯಾವ ಕೋಣೆಗೆ ಹೋದರೂ ಮೊದಲು ಬಾಗಿಲು ಎಷ್ಟು ದೂರವೆಂದು ನೋಡುತ್ತೇನೆ. ವಾಸನೆ ಬಂದರೆ ಕಾರಣ ಸಿಗುವವರೆಗೂ ಬಿಡುವುದಿಲ್ಲ. ಜನ ಇದನ್ನು ನನ್ನ ಸ್ವಭಾವ ಎನ್ನುತ್ತಾರೆ.

ರಘು ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ನನ್ನನ್ನು ಕರೆದುಕೊಂಡು ಹೋದ. ಅಪ್ಪ ಅಮ್ಮ ಆಗ ಇರಲಿಲ್ಲ. ಹೊಸ ಅಡಿಗೆಮನೆಯಲ್ಲಿ ಅವನ ಹೆಂಡತಿ ಒಲೆಯ ಮೇಲೆ ಹಾಲಿಟ್ಟಳು. ಎಲ್ಲರೂ ಸುತ್ತ ಚಾಪೆಯ ಮೇಲೆ ಕೂತರು. ನನಗೆಂದು ರಘು ಕುರ್ಚಿಯನ್ನೇ ತಂದು ಹಾಕಿದ.

"ಕೂತ್ಕೋ ಅಕ್ಕ, ಎಷ್ಟು ಹೊತ್ತು ನಿಂತಿರ್ತೀಯ?"

"ನಿಂತೇ ಇರ್ತೀನಿ ಕಣೋ. ನೀನು ಕೂತ್ಕೋ," ಎಂದೆ. ಹಾಗೆಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. "ಬೇಡ. ನೀನೂ ಬಾ, ಇಲ್ಲಿ ನನ್ನ ಹತ್ತಿರ ನಿಂತ್ಕೋ."

ಅವನು ನಕ್ಕು ಬಂದು ನಿಂತ. ಹಾಲು ಮೇಲೇರಿತು. ನಾನು ಅವನ ತೋಳನ್ನು ಹಿಡಿದುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ಅದು ಯಾವ ಕಡೆ ಉಕ್ಕುತ್ತದೆಂದು ನೋಡುತ್ತ ನಿಂತೆ.